ಬಣ್ಣಕ್ಕಿಂತ ಮೊದಲು ಹಾಡು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ಬಿ.ಇ. ಓದಿ ಕಂಪ್ಯೂಟರ್ ಕೆಲಸ ಮಾಡುವವನು ಚಿತ್ರಕಲೆಯ ಬಗ್ಗೆ ಏನು ಹೇಳುತ್ತಾನೆ ಎಂದು ನಿಮಗೆ ಅನಿಸಬಹುದು. ಕಂಪನಿಯ ಕೆಲಸದ ಮೇಲೆ ಕೆಲವು ತಿಂಗಳು ನಾನು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿದ್ದೆ. ಅಲ್ಲಿನ ಅತೆನಿಯಮ್ ಎಂಬ ಚಿತ್ರಶಾಲೆಯಲ್ಲಿ ಒಂದು ತೈಲಚಿತ್ರ ನೋಡಿದೆ. ಅದು ಹುಟ್ಟಿದ ಬಗೆಯನ್ನು ನಮ್ಮ ಶಾಲೆಯ ಮಕ್ಕಳಿಗೆ ಹೇಳಬೇಕು ಅನಿಸಿತು.

ಚಿತ್ರದ ಹೆಸರು ಐನೊ. ಬರೆದವನು ಅಕ್ಸೆಲಿ ಗ್ಯಾಲೆನ್-ಕಲ್ಲೇಲ. ಹುಟ್ಟಿದ್ದು 1865ರಲ್ಲಿ. ಕಥೆ ಅವನದಲ್ಲ, ಹಳ್ಳಿಯ ಜನ ಹಾಡುತ್ತಿದ್ದದ್ದು. ಎಲಿಯಾಸ್ ಲೋನ್‌ರೋಟ್ ಎಂಬ ವೈದ್ಯ ಊರೂರು ತಿರುಗಿ ಆ ಹಾಡುಗಳನ್ನು ಕೇಳಿ ಬರೆದುಕೊಂಡು, ಜೋಡಿಸಿ, 1835ರಲ್ಲಿ 'ಕಲೇವಲ' ಎಂಬ ಪುಸ್ತಕ ತಂದ. 1849ರಲ್ಲಿ ಅದನ್ನೇ ಬೆಳೆಸಿ 50 ಹಾಡುಗಳ ಕಾವ್ಯ ಮಾಡಿದ. ಆಗ ಫಿನ್ಲೆಂಡ್ ರಷ್ಯಾದ ಕೈಕೆಳಗಿತ್ತು. ಓದಿದವರ ಭಾಷೆ ಸ್ವೀಡಿಷ್. ಫಿನ್ನಿಷ್ ಹೊಲಮನೆಯವರ ಭಾಷೆ. ಆ ಭಾಷೆಗೂ ಬೆಲೆಯಿದೆ ಎಂದು ತೋರಿಸಿದ್ದು ಈ ಹಾಡುಗಳು.

ಕಥೆ ಹೀಗಿದೆ. ಹಾಡಿನ ಪಂದ್ಯದಲ್ಲಿ ಸೋತ ಅಣ್ಣ ತನ್ನ ಜೀವ ಉಳಿಸಿಕೊಳ್ಳಲು ತಂಗಿ ಐನೊಳನ್ನು ಮುದುಕನಿಗೆ ಕೊಡುತ್ತೇನೆಂದು ಮಾತು ಕೊಡುತ್ತಾನೆ. ತಾಯಿಗೆ ಸಂತೋಷವೇ, ಅಳಿಯ ದೊಡ್ಡ ಮನುಷ್ಯ. ಹುಡುಗಿಯನ್ನು ಯಾರೂ ಕೇಳುವುದಿಲ್ಲ. ಅವಳು ಅತ್ತು ಅತ್ತು ನೀರು ಪಾಲಾಗುತ್ತಾಳೆ. ಮುಂದೊಂದು ದಿನ ಮುದುಕ ಹಿಡಿದ ಮೀನು ಕೈಜಾರಿ ನೀರಿಗೆ ಹಾರುತ್ತದೆ. ಆ ಮೀನು ಐನೊಳೇ! ನಮ್ಮ 'ಕೆರೆಗೆ ಹಾರ'ದ ಭಾಗೀರಥಿ ನೆನಪಾಗಲಿಲ್ಲವೇ? ಅಲ್ಲಿಯೂ ದೊಡ್ಡವರು ಕುಳಿತು ತೀರ್ಮಾನಿಸಿದರು, ಕಿರಿ ಸೊಸೆ ನೀರಿಗೆ ಹೋದಳು.

ಕಲಾವಿದ ಇದನ್ನು ಮೊದಲು ಬರೆದದ್ದು ಪ್ಯಾರಿಸ್ಸಿನಲ್ಲಿ ಓದುವಾಗ. 1889ರ ಹೊತ್ತಿಗೆ ಚಿತ್ರ ಮುಗಿದಿತ್ತು. ಆದರೆ ಅಷ್ಟಕ್ಕೇ ಬಿಡಲಿಲ್ಲ. 1890ರಲ್ಲಿ ಮೇರಿ ಎಂಬುವಳನ್ನು ಮದುವೆಯಾಗಿ, ಹೆಂಡತಿಯನ್ನು ಕರೆದುಕೊಂಡು ಹೋದದ್ದು ಆ ಹಾಡುಗಳ ಸೀಮೆಯಾದ ಕರೇಲಿಯಾಕ್ಕೆ. ಅಲ್ಲಿನ ಕಾಡು, ನೀರು, ಜನರ ಬಟ್ಟೆಬರೆ ಎಲ್ಲ ಕಂಡು ಬಂದು, 1891ರಲ್ಲಿ ಅದೇ ಕಥೆಯನ್ನು ಮತ್ತೆ ಬರೆದ. ಐನೊಳ ರೂಪಕ್ಕೆ ಹೆಂಡತಿಯೇ ಮಾದರಿ.

ಮೂರು ಭಾಗದ ಚಿತ್ರ, ಎತ್ತರ ಸುಮಾರು ಐದು ಅಡಿ. ಎಡಕ್ಕೆ ಕಾಡಿನಲ್ಲಿ ಮುದುಕ ಎದುರಾಗುವುದು, ಬಲಕ್ಕೆ ದಡದಲ್ಲಿ ಕೂತು ಅಳುವ ಹುಡುಗಿ, ನಡುವೆ ದೋಣಿಯಿಂದ ಅವಳು ಜಿಗಿದು ತಪ್ಪಿಸಿಕೊಳ್ಳುವುದು. ಕ್ರೈಸ್ತರ ಗುಡಿಗಳಲ್ಲಿ ದೇವರ ಚಿತ್ರಕ್ಕೆ ಬಳಸುವ ಈ ಮೂರು ಫಲಕದ ಕ್ರಮವನ್ನು ಹಳ್ಳಿ ಹಾಡಿನ ಹುಡುಗಿಗೆ ಕೊಟ್ಟ. ಚೌಕಟ್ಟಿನ ಮೇಲೆ ಕಲೇವಲದ ಸಾಲುಗಳನ್ನೂ ಬರೆಸಿದ.

ತೈಲವರ್ಣದ ಬಗ್ಗೆ ಒಂದು ಮಾತು. ಬಣ್ಣದ ಪುಡಿಯನ್ನು ಸಾಮಾನ್ಯವಾಗಿ ಅರೆಯುವುದು ಅಗಸೆ ಎಣ್ಣೆಯಲ್ಲಿ, ನಾವು ಚಟ್ನಿಪುಡಿ ಮಾಡುವ ಅದೇ ಅಗಸೆ. ಇದು ನೀರಿನಂತೆ ಆರುವುದಿಲ್ಲ. ಗಾಳಿಯ ಆಮ್ಲಜನಕ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೇ ಮುಖದ ನೆರಳುಬೆಳಕನ್ನು ಮರುದಿನವೂ ತಿದ್ದಬಹುದು. ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು. ತಿರುವುಮುರುವಾದರೆ ಬಣ್ಣ ಬಿರುಕು ಬಿಡುತ್ತದೆ. ಅವಸರದವರ ಕೆಲಸವಲ್ಲ ಇದು.

1895ರಲ್ಲಿ ಅವನ ಪುಟ್ಟ ಮಗಳು ತೀರಿಕೊಂಡಳು. ಆಮೇಲೆ ಅವನ ಚಿತ್ರಗಳ ರೀತಿಯೇ ಬದಲಾಯಿತು. 1897ರಲ್ಲಿ, ಎಣ್ಣೆ ಬಿಟ್ಟು ಟೆಂಪರಾ ಬಣ್ಣದಲ್ಲಿ, ಸತ್ತ ಮಗನ ಪಕ್ಕ ಕೂತ ತಾಯಿಯನ್ನು ಬರೆದ. ಅದೂ ಕಲೇವಲದ ಕಥೆ. ಸಾವಿನ ಹೊಳೆಯಿಂದ ಮಗನ ದೇಹದ ಚೂರುಗಳನ್ನು ಆಯ್ದು ಜೋಡಿಸಿದ ತಾಯಿ, ಜೇನುಹುಳ ಮದ್ದು ತರಲೆಂದು ಮೇಲೆ ನೋಡುತ್ತಿದ್ದಾಳೆ. ಆ ತಾಯಿಗೆ ಮಾದರಿ ಅವನ ಹೆತ್ತ ತಾಯಿಯೇ. ಊರಿನ ಹಾಡು ಒಬ್ಬ ತಂದೆಯ ಸಂಕಟಕ್ಕೆ ಜಾಗ ಕೊಟ್ಟಿತು ಎಂದು ನನಗೆ ಅನಿಸುತ್ತದೆ.

ಇಷ್ಟೆಲ್ಲ ಏಕೆ ಹೇಳಿದೆ? ಆ ಚಿತ್ರಕ್ಕಿಂತ ಮೊದಲು ಪುಸ್ತಕ ಇತ್ತು, ಪುಸ್ತಕಕ್ಕಿಂತ ಮೊದಲು ಹಾಡುವವರಿದ್ದರು, ಅವರ ಮುಂದೆ ಕೂತು ಬರೆದುಕೊಂಡ ಒಬ್ಬನಿದ್ದ. ಅವನು ಹೋಗದಿದ್ದರೆ ಕಲಾವಿದನಿಗೆ ಐನೊ ಹೀಗೆ ಸಿಗುತ್ತಿದ್ದಳೇ? ನಮ್ಮ ಅಜ್ಜಿ ರಾಗಿ ಬೀಸುವಾಗ ಹಾಡುತ್ತಿದ್ದ ಹಾಡುಗಳು ಇಂದು ನಮ್ಮ ಮನೆಯಲ್ಲಿ ಯಾರಿಗೂ ಪೂರ್ತಿ ಬರುವುದಿಲ್ಲ. ಈ ಸಭೆಯ ಹಿಂದಿನ ಸಾಲಿನಲ್ಲಿ ಕೂತಿರುವ ಕೆಲವು ತಾಯಂದಿರಿಗೆ ಬರುತ್ತವೆ ಎಂದು ನನಗೆ ಗೊತ್ತು.

ಗುರುಗಳಲ್ಲಿ ಒಂದು ವಿನಂತಿ. ಈ ವರ್ಷ ಎಂಟು, ಒಂಬತ್ತನೇ ತರಗತಿಯ ಮಕ್ಕಳು ತಮ್ಮ ಓಣಿಯ ಒಬ್ಬೊಬ್ಬ ಹಿರಿಯರಿಂದ ಒಂದೊಂದು ಹಾಡು ಬರೆದುಕೊಂಡು ಬರಲಿ, ಹಾಡಿದವರ ಹೆಸರು ಸಮೇತ. ಮೊಬೈಲಿನಲ್ಲಿ ದನಿಯನ್ನೂ ಹಿಡಿದಿಡಲಿ. ಅದನ್ನೆಲ್ಲ ಜೋಡಿಸಿ ಕಾಪಿಡುವ ಕೆಲಸ ನನಗೆ ಬರುತ್ತದೆ, ನಾನು ಮಾಡುತ್ತೇನೆ. ಚಿತ್ರ ಬರೆಯುವ ಮಕ್ಕಳಿಗೆ ಕ್ಯಾನ್‌ವಾಸು, ಬಣ್ಣ, ಕುಂಚ ನಮ್ಮ ಬ್ಯಾಚಿನವರ ಕಡೆಯಿಂದ.

ಮಕ್ಕಳೇ, ಬಣ್ಣ ಅಂಗಡಿಯಲ್ಲಿ ಸಿಗುತ್ತದೆ. ಹಾಡು ಹಾಗಲ್ಲ, ಅಜ್ಜಿ ಇರುವಾಗಲೇ ಕೇಳಿಕೊಳ್ಳಬೇಕು.