ಪರದೆಯ ಹಿಂದಿನ ಅಕ್ಷರ
(ಕೂಡಲಸಂಗಮದ ಸಭೆಯಲ್ಲಿ ಆಡಿದ ಮಾತುಗಳು)



ನಾನು ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು, ಕಂಪ್ಯೂಟರ್ ಪಂಡಿತನಲ್ಲ. ಆದರೂ ಇಂದು ಕಂಪ್ಯೂಟರಿನ ಬಗ್ಗೆಯೇ ಎರಡು ಮಾತು ಹೇಳಬೇಕೆಂದಿದ್ದೇನೆ. ಅದಕ್ಕೆ ಕಾರಣ ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿ.

ಕೆಲವು ವರ್ಷಗಳ ಹಿಂದೆ ಆಕೆಯ ವಿದ್ಯಾರ್ಥಿವೇತನದ ಅರ್ಜಿ ಎರಡು ಸಲ ಹಿಂದಕ್ಕೆ ಬಂತು. ಕಾರಣ, "ಹೆಸರು ಹೊಂದಿಕೆಯಾಗುತ್ತಿಲ್ಲ." ಅರ್ಜಿಯಲ್ಲೂ ಶಾಲೆಯ ಪಟ್ಟಿಯಲ್ಲೂ ಹೆಸರಿನ ಕೊನೆಗೆ "ಪರ್ವೀನ್" ಎಂದೇ ಇತ್ತು. ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದೆ, ವ್ಯತ್ಯಾಸ ಸಿಗಲಿಲ್ಲ. "ಸರ್, ನನ್ನ ಮಗಳ ಹೆಸರಿನಲ್ಲಿ ಏನು ತಪ್ಪಿದೆ?" ಎಂದು ಆಕೆಯ ತಂದೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಇಲ್ಲಿಯ ಐಕ್ಯಮಂಟಪವನ್ನು ನೀವೆಲ್ಲರೂ ನೋಡಿದ್ದೀರಿ. ಸುತ್ತಲೂ ನಾರಾಯಣಪುರ ಅಣೆಕಟ್ಟಿನ ಹಿನ್ನೀರು, ನಡುವೆ ಬಾವಿಯಂತೆ ಕಟ್ಟಿದ ಗೋಡೆ. ದಡದಲ್ಲಿ ನಿಂತವರಿಗೆ ನೀರು ಮಾತ್ರ ಕಾಣುತ್ತದೆ. ಒಳಗಿರುವುದನ್ನು ನೋಡಬೇಕಾದರೆ ಮೆಟ್ಟಿಲಿಳಿಯಬೇಕು. ಕಂಪ್ಯೂಟರಿನ ಪರದೆಯೂ ಹಾಗೆಯೇ. ಪರದೆಯ ಮೇಲೆ ಕಾಣುವುದು ಅಕ್ಷರದ ಚಿತ್ರ. ಕಡತದಲ್ಲಿ ಇರುವುದು ಬೈಟು ಎಂಬ ಸಂಖ್ಯೆಗಳ ಸಾಲು.

ಅಲ್ಲಿಗೆ ಇಳಿಯಲು ಮೆಟ್ಟಿಲು ಉಂಟೇ? ಉಂಟು. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ನಡೆಯುವ "ವಿಮ್" ಎಂಬ ಉಚಿತ ಎಡಿಟರ್. ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ 1991ರಲ್ಲಿ ಇದನ್ನು ಹೊರತಂದರು. 1994ರಲ್ಲಿ ಅವರು ಉಗಾಂಡದ ಕಿಬಾಲೆಯಲ್ಲಿ ಮಕ್ಕಳ ಕೇಂದ್ರವೊಂದರಲ್ಲಿ ಸ್ವಯಂಸೇವಕರಾಗಿ ದುಡಿದರು. ತಮ್ಮ ತಂತ್ರಾಂಶಕ್ಕೆ ಬೆಲೆ ಕೇಳಲಿಲ್ಲ. ಇಷ್ಟಪಟ್ಟವರು ಆ ಮಕ್ಕಳಿಗೆ ನೆರವಾಗಿ ಎಂದರು. 2023ರಲ್ಲಿ ಅವರು ತೀರಿಕೊಂಡರು. ವಿದ್ಯಾಸಂಸ್ಥೆಯ ನಾವು ನೆನೆಯಬೇಕಾದ ವ್ಯಕ್ತಿ.

ವಿಮ್ ಜೊತೆ "ಎಕ್ಸ್‌ಎಕ್ಸ್‌ಡಿ" ಎಂಬ ಪುಟ್ಟ ಸಾಧನವೂ ಬರುತ್ತದೆ. ಅದು ಕಡತದ ಪ್ರತಿ ಬೈಟನ್ನೂ ಎರಡೆರಡು ಅಂಕೆಗಳಲ್ಲಿ, ಒಂದು ಸಾಲಿಗೆ 16ರಂತೆ ತೋರಿಸುತ್ತದೆ. ಇದು ಹದಿನಾರರ ಎಣಿಕೆ. ಒಂಬತ್ತರ ನಂತರ ಎ, ಬಿ, ಸಿ, ಡಿ, ಇ, ಎಫ್ ಎಂಬ ಇಂಗ್ಲಿಷ್ ಅಕ್ಷರಗಳೇ ಅಂಕೆಗಳು. ಕನ್ನಡದ "ಕ" ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ "ಇ0 ಬಿ2 95" ಎಂಬ ಮೂರು ಬೈಟು.

ಈಗ ಆ ಹುಡುಗಿಯ ಕಥೆಗೆ ಬರೋಣ. "ಪರ್ವೀನ್" ಪದಕ್ಕೆ 21 ಬೈಟು ಸಾಕು. ನಮ್ಮ ಪಟ್ಟಿಯಲ್ಲಿ 24 ಇದ್ದವು! ಕೊನೆಯ "ನ್" ನಂತರ "ಇ2 80 8ಸಿ" ಎಂಬ ಮೂರು ಬೈಟು ಹೆಚ್ಚಿಗೆ ಕುಳಿತಿದ್ದವು. ಒತ್ತಕ್ಷರ ಕೂಡದಂತೆ ತಡೆಯಲು ಬಳಸುವ, ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಚಿಹ್ನೆ ಅದು. ಪಟ್ಟಿಯನ್ನು ಟೈಪ್ ಮಾಡಿದವನು ನಾನೇ. ತಪ್ಪು ಹುಡುಗಿಯ ಹೆಸರಿನಲ್ಲಿರಲಿಲ್ಲ, ನನ್ನ ಬೆರಳಿನಲ್ಲಿತ್ತು. ವಿಮ್‌ನಲ್ಲಿ ಪಟ್ಟಿಯನ್ನು ಪಠ್ಯವಾಗಿಯೇ ತೆರೆದಾಗ ಆ ಚಿಹ್ನೆ 200ಸಿ ಎಂದು ಕಾಣಿಸಿತು, ಅಳಿಸಿದೆ. ಮೂರನೆಯ ಸಲ ಅರ್ಜಿ ಹಿಂದಕ್ಕೆ ಬರಲಿಲ್ಲ.

ಉರ್ದುವಿನಲ್ಲೂ ಇಂಥದೇ ತೊಡಕಿದೆ. ಉರ್ದು ಕಾಫ್ "ಡಿಎ ಎ9", ಅರಬ್ಬಿ ಕಾಫ್ "ಡಿ9 83". ಪದದ ನಡುವೆ ಎರಡೂ ಒಂದೇ ತೆರ ಕಾಣುತ್ತವೆ. ಒಂದರಿಂದ ಬರೆದ "ಮಕ್ತಬ್" ಅನ್ನು ಇನ್ನೊಂದರಿಂದ ಹುಡುಕಿದರೆ ಸಿಗದೆ ಹೋಗಬಹುದು.

ಹಳೆಯ ನುಡಿ ಕಡತ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ "ಲೇಖನ ಹಾಳಾಯಿತು" ಎಂದು ಅಳಿಸಿಬಿಡಬೇಡಿ. ಹಳೆಯ ನುಡಿಯಲ್ಲಿ "ಕನ್ನಡ" ಎಂಬುದು 50, ಸಿ0, ಎ3, ಸಿ0, ಡಿಎಫ್, 71, ಸಿ0 ಎಂಬ ಏಳು ಬೈಟು, ಯುನಿಕೋಡಿನಲ್ಲಿ ಹದಿನೈದು. ಬೈಟುಗಳು ಹಾಗೇ ಇದ್ದರೆ ಲೇಖನವೂ ಇದೆ. ಬೇಕಾದದ್ದು ಫಾಂಟು ಅಥವಾ ಪರಿವರ್ತಕ ಮಾತ್ರ.

ವಿದ್ಯಾರ್ಥಿಗಳೇ, ನೀವೇ ಮಾಡಿ ನೋಡಿ. "ಕರ" ಎಂದು ಬರೆದು ಕಡತ ಉಳಿಸಿ. ಅದರ ನಕಲನ್ನು ವಿಮ್‌ನಲ್ಲಿ ಹೈಫನ್ ಬಿ ಸೇರಿಸಿ ತೆರೆಯಿರಿ. ಆಗ ಅದು ತಾನಾಗಿ ಏನನ್ನೂ ಸೇರಿಸುವುದಿಲ್ಲ. ಕೋಲನ್, ಶೇಕಡಾ ಚಿಹ್ನೆ, ಆಶ್ಚರ್ಯಸೂಚಕ ಚಿಹ್ನೆ, ನಂತರ ಎಕ್ಸ್‌ಎಕ್ಸ್‌ಡಿ ಎಂದು ಒತ್ತಿ. ಸಂಖ್ಯೆಗಳು ಬರುತ್ತವೆ. 95 ಇರುವಲ್ಲಿ 96 ಮಾಡಿ. ಅದೇ ಆಜ್ಞೆಗೆ ಹೈಫನ್ ಆರ್ ಸೇರಿಸಿ ಹಿಂದಿರುಗಿಸಿ, ಉಳಿಸಿ. "ಕರ" ಹೋಗಿ "ಖರ" ಆಗಿರುತ್ತದೆ. ಒಂದು ಅಂಕೆ ಬದಲಾದದ್ದಕ್ಕೆ ಕೈ ಕತ್ತೆಯಾಯಿತು!

ಮೂರು ಎಚ್ಚರಿಕೆಗಳು. ಮೊದಲನೆಯದು, ಮೂಲ ಕಡತವನ್ನು ಮುಟ್ಟಬೇಡಿ, ನಕಲಿನ ಮೇಲೆ ಕೆಲಸ ಮಾಡಿ. ಎರಡನೆಯದು, ನಡುವಿನ ಸಂಖ್ಯೆಗಳನ್ನಷ್ಟೇ ತಿದ್ದಿ. ಬಲಬದಿಯ ಅಕ್ಷರಗಳನ್ನು ತಿದ್ದಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಮೂರನೆಯದು, ಬೈಟುಗಳ ಎಣಿಕೆ ಬದಲಿಸಬೇಡಿ. ಇಳಕಲ್ಲಿನ ನೇಕಾರರನ್ನು ಕೇಳಿ; ಒಂದು ಎಳೆ ಹೆಚ್ಚುಕಡಿಮೆಯಾದರೆ ವಿನ್ಯಾಸವೇ ಸರಿದುಹೋಗುತ್ತದೆ. ಚಿತ್ರ ಮುಂತಾದ ಕಡತಗಳೂ ಹಾಗೆಯೇ. ಈ ವಿದ್ಯೆ ಅಂಕಪಟ್ಟಿ ತಿದ್ದುವುದಕ್ಕಲ್ಲ, ಸತ್ಯ ತಿಳಿಯುವುದಕ್ಕೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

"ಕಂಪ್ಯೂಟರ್ ಒಪ್ಪುತ್ತಿಲ್ಲ" ಎಂಬ ಮಾತು ಕೇಳಿ ನಮ್ಮ ಮಕ್ಕಳ ತಂದೆತಾಯಿಗಳು ತಲೆ ತಗ್ಗಿಸಿ ಹಿಂದಿರುಗಬಾರದು. ಯಾಕೆ ಒಪ್ಪುತ್ತಿಲ್ಲ ಎಂದು ಒಳಗಿಳಿದು ನೋಡಬಲ್ಲ ಒಬ್ಬ ವಿದ್ಯಾರ್ಥಿ ಪ್ರತಿ ಶಾಲೆಯಲ್ಲೂ ಇರಲಿ. ಆ ವಿದ್ಯಾರ್ಥಿ ನೀವೇ ಆಗಿ ಎಂದು ಆಶಿಸುತ್ತಾ ನನ್ನ ಮಾತು ಮುಗಿಸುತ್ತೇನೆ.