ನಿಮಿಷದ ರೋಗ, ದಿನದ ರೋಗ



ಕೊಡಗಿನ ನಮ್ಮ ಕುಶಾಲನಗರದಿಂದ ಪಶ್ಚಿಮಕ್ಕೆ ಹೊರಟು, ಆನೆಕಾಡನ್ನು ದಾಟಿ, ಸುಂಟಿಕೊಪ್ಪದ ಮೇಲೆ ಏರುದಾರಿಯಲ್ಲಿ ಸುಮಾರು 30 ಕಿಲೋಮೀಟರು ಸಾಗಿದರೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆ. ಪೂರ್ವಕ್ಕೆ ತಿರುಗಿ ಕಾವೇರಿಯ ಸೇತುವೆಯನ್ನು ದಾಟಿ, ಕೊಪ್ಪ, ಬೈಲುಕುಪ್ಪೆ, ಹುಣಸೂರುಗಳನ್ನು ಹಿಂದಿಕ್ಕಿ ಹತ್ತಿರಹತ್ತಿರ 90 ಕಿಲೋಮೀಟರು ಹೋದರೆ ಮೈಸೂರಿನ ದೊಡ್ಡ ಆಸ್ಪತ್ರೆಗಳು. ಈ ಎರಡರ ನಡುವೆ, ಊರೊಳಗೇ, ಸರಕಾರೀ ಆಸ್ಪತ್ರೆಯುಂಟು, ಖಾಸಗಿಯವುಂಟು, ಸಂಜೆಯ ಹೊತ್ತು ಬೆಂಚಿನ ತುಂಬ ಜನ ಕಾಯುವ ಚಿಕ್ಕ ಕ್ಲಿನಿಕ್ಕುಗಳುಂಟು. ಮನೆಯಲ್ಲೊಬ್ಬರಿಗೆ ಹಠಾತ್ತಾಗಿ ಅಸ್ವಾಸ್ಥ್ಯವುಂಟಾದಾಗ ಇವುಗಳಲ್ಲಿ ಯಾವ ಬಾಗಿಲನ್ನು ತಟ್ಟಬೇಕು, ಈಗಲೇ ಹೊರಡಬೇಕೋ ಬೆಳಗಾಗುವವರೆಗೆ ತಡೆಯಬಹುದೋ ಎಂಬ ನಿರ್ಣಯವು ವೈದ್ಯರನ್ನು ಕಾಣುವುದಕ್ಕೆ ಮುಂಚೆಯೇ, ವೈದ್ಯಶಾಸ್ತ್ರವನ್ನೋದದ ಮನೆಮಂದಿಯ ಕೈಯಲ್ಲಿ ಆಗಿಹೋಗುತ್ತದೆ. ಆ ನಿರ್ಣಯವನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ಇಂದಿನ ಉದ್ದೇಶ.

ಅಮೆರಿಕೆಯಲ್ಲಿ, ಪ್ರಾಣಾಪಾಯವಿಲ್ಲದಿದ್ದರೂ ನಾಳೆಗೆ ಮುಂದೂಡಲಾಗದ ವ್ಯಾಧಿಗಳಿಗೆಂದೇ ಶೀಘ್ರಚಿಕಿತ್ಸೆಯ ಕೇಂದ್ರಗಳು ಬೇರೆಯಾಗಿ ನಡೆಯುತ್ತವೆ. ಜೀವನ್ಮರಣದ ಸಂದರ್ಭಗಳಿಗೆ ಆಸ್ಪತ್ರೆಗಳ ತುರ್ತು ವಿಭಾಗಗಳಿವೆ. ನಮ್ಮಲ್ಲಿ ಇವೆರಡಕ್ಕೂ ಪ್ರತ್ಯೇಕ ಫಲಕಗಳಿಲ್ಲದಿದ್ದರೂ ಭೇದವಂತೂ ಇದ್ದೇ ಇದೆ. ಬೆಟ್ಟದ ಸೀಮೆಯಲ್ಲಿ ವಾಸಿಸುವ ನಮಗೆ ಅದರ ಮೇಲೆ ದಾರಿಯ ದೂರವೂ, ಮಳೆಗಾಲದ ಮಂಜೂ, ರಾತ್ರಿ ರಸ್ತೆಗಿಳಿಯುವ ಆನೆಗಳೂ ಸೇರಿಕೊಂಡು ಲೆಕ್ಕವನ್ನು ಇನ್ನಷ್ಟು ಕಠಿನಗೊಳಿಸುತ್ತವೆ.

ಸಾಮಾನ್ಯವಾಗಿ ನಾವು ನೋವಿನಿಂದ ಅಪಾಯವನ್ನು ಅಳೆಯುತ್ತೇವೆ. ಕೂಗಾಡುವವನನ್ನು ಮೊದಲು ಎತ್ತಿಕೊಂಡು ಓಡುತ್ತೇವೆ, ಸುಮ್ಮನೆ ಮಲಗಿರುವವನನ್ನು ಮಲಗಲೆಂದು ಬಿಡುತ್ತೇವೆ. ಈ ಅಳತೆ ಎಷ್ಟು ಮೋಸದ್ದೆಂಬುದನ್ನು ಕಟ್ಟಹಾವಿನ ಕಡಿತದಷ್ಟು ಸ್ಪಷ್ಟವಾಗಿ ಮತ್ತಾವುದೂ ತೋರಿಸಲಾರದು. ನೆಲದ ಮೇಲೆ ಮಲಗಿದವನಿಗೆ ಅದು ರಾತ್ರಿಯ ಹೊತ್ತು ಕಚ್ಚುತ್ತದೆ. ಕಚ್ಚಿದ ಗುರುತು ಕಾಣುವುದೇ ಅಪರೂಪ, ಊತವಿಲ್ಲ, ಉರಿಯಿಲ್ಲ, ಎಷ್ಟೋ ಸಲ ಎಚ್ಚರವೂ ಆಗುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವೆಂದು ಏಳುತ್ತಾನೆ, ಕಣ್ಣಿನ ರೆಪ್ಪೆಗಳು ತಾವಾಗಿ ಜೋಲುತ್ತವೆ, ಮಾತು ತೊದಲುತ್ತದೆ, ಉಗುಳು ನುಂಗಲಾಗದು, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಇದಕ್ಕೆ ಪ್ರತಿಯಾಗಿ, ಕಣಜದ ಹುಳು ಕುಟುಕಿದ ಬೆರಳು ಕಿರುಚಿಸುವಷ್ಟು ನೋಯುವುದಾದರೂ, ಮೈಯೆಲ್ಲ ದದ್ದೇಳುವುದೋ, ಗಂಟಲು ಬಿಗಿಯುವುದೋ, ತಲೆ ಸುತ್ತುವುದೋ ಆಗದಿದ್ದರೆ, ಸಂಜೆಗೆ ಇಳಿದುಹೋಗುತ್ತದೆ. ಆದ್ದರಿಂದ ಎಷ್ಟು ನೋವೆಂದು ಕೇಳುವುದಕ್ಕಿಂತ, ಒಂದು ಗಂಟೆ ತಡವಾದರೆ ಮತ್ತೆ ಪಡೆಯಲಾಗದ್ದು ಯಾವುದು ಕಳೆದುಹೋಗುತ್ತದೆ ಎಂದು ಕೇಳಿಕೊಳ್ಳುವುದು ಯುಕ್ತ. ಉಸಿರು, ರಕ್ತಸಂಚಾರ, ಪ್ರಜ್ಞೆ ಈ ಮೂರರಲ್ಲಿ ಒಂದು ಕೆಡುತ್ತಿದ್ದರೆ ಅದು ನಿಮಿಷದ ರೋಗ. ಮೂರೂ ನೆಟ್ಟಗಿದ್ದು ಬಾಧೆ ಮಾತ್ರ ಇದ್ದರೆ ಬಹುಮಟ್ಟಿಗೆ ಅದು ದಿನದ ರೋಗ.

ನಿಮಿಷದ ರೋಗವೆಂದು ತಿಳಿದ ಮೇಲೆ ಎರಡನೆಯ ತಪ್ಪಿಗೆ ಎಡೆಯಾಗುತ್ತದೆ. ನಮ್ಮ ಊರಿನಂಥ ಕಡೆಗಳಲ್ಲಿ ಇದೇ ಹೆಚ್ಚು ಜೀವಗಳಿಗೆ ಎರವಾಗುವುದೆಂಬುದು ನನ್ನ ದೃಢವಾದ ಅಭಿಪ್ರಾಯ. ರಾತ್ರಿ ಒಂದು ಗಂಟೆ ಎನ್ನಿ. ಐವತ್ತೈದರ ಗೃಹಸ್ಥರೊಬ್ಬರು ಎದ್ದು ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದಾರೆ. ಬನಿಯನು ಬೆವರಿನಿಂದ ಬೆನ್ನಿಗಂಟಿದೆ, ಎಡಗೈ ಎದೆಯ ಮೇಲಿದೆ. "ಯಾಕ್ರೀ, ಎದ್ದು ಕೂತ್ರಿ?" ಎಂದು ಮಡದಿ ಕೇಳಿದರೆ, "ಏನಿಲ್ಲ ಕಣೇ, ಗ್ಯಾಸ್ಟ್ರಿಕ್ ಇರಬೇಕು, ಒಂದಿಷ್ಟು ಜೀರಿಗೆ ನೀರು ಕೊಡು" ಎನ್ನುತ್ತಾರೆ. ಜೀರಿಗೆ ಕುದಿಯುವುದಕ್ಕೆ ಹತ್ತು ನಿಮಿಷ, ಕುಡಿದು ಗುಣ ನೋಡುವುದಕ್ಕೆ ಅರ್ಧ ಗಂಟೆ, ಮೈಸೂರಿನಲ್ಲಿರುವ ಭಾವನನ್ನು ಎಬ್ಬಿಸಿ ಫೋನಿನಲ್ಲಿ ಸಮಾಲೋಚಿಸುವುದಕ್ಕೆ ಮತ್ತೆ ಹದಿನೈದು ನಿಮಿಷ. ಕೊನೆಗೆ ಮಗ ಕಾರಿನ ಬೀಗದ ಕೈ ಹಿಡಿದು, "ಇಲ್ಲೆಲ್ಲ ಬೇಡ, ಅಪ್ಪಾ, ಮೈಸೂರಿಗೇ ಹೋಗಿಬಿಡೋಣ" ಎನ್ನುತ್ತಾನೆ. ತಂದೆಯ ಮೇಲಿನ ಮಮತೆಯೇ ಅವನಿಂದ ಹಾಗೆನ್ನಿಸುತ್ತದೆ. ಆದರೆ ಆ ಮಮತೆಯು ರೋಗಿಯನ್ನು ಎರಡು ಗಂಟೆಗಳ ಕಾಲ, ಯಂತ್ರವಿಲ್ಲದ, ಔಷಧವಿಲ್ಲದ, ಹೃದಯ ನಿಂತರೆ ಎದೆಯನ್ನೊತ್ತುವವರೂ ಇಲ್ಲದ ಕಾರಿನ ಹಿಂದಿನ ಸೀಟಿಗೆ ಒಪ್ಪಿಸುತ್ತದೆ.

ಹೃದಯಾಘಾತದಲ್ಲಿ ಆಗುವುದೇನೆಂದರೆ, ಹೃದಯದ ಸ್ನಾಯುವಿಗೆ ರಕ್ತವನ್ನೊಯ್ಯುವ ನಾಳವೊಂದು ಹೆಪ್ಪಿನಿಂದ ಮುಚ್ಚಿಹೋಗಿ, ಆ ಭಾಗದ ಸ್ನಾಯು ಹೊತ್ತುಹೊತ್ತಿಗೆ ಸಾಯುತ್ತ ಬರುತ್ತದೆ. ನಾಳವನ್ನು ಎರಡು ಬಗೆಯಲ್ಲಿ ತೆರೆಯಬಹುದು: ತಂತಿಯನ್ನು ತೂರಿಸಿ ಬಲೂನಿನಿಂದ ತೆರೆಯುವುದೊಂದು, ಅದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕು, ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಇನ್ನೊಂದು, ಅದನ್ನು ಇ.ಸಿ.ಜಿ. ಯಂತ್ರವೂ ತಿಳಿದ ವೈದ್ಯರೂ ಇರುವ ಚಿಕ್ಕ ಆಸ್ಪತ್ರೆಯಲ್ಲೂ ಕೊಡಬಹುದು. ಈ ಚುಚ್ಚುಮದ್ದು ಹನ್ನೆರಡು ಗಂಟೆಯೊಳಗೆ ಕೆಲಸಕ್ಕೆ ಬರುವುದಾದರೂ ಮೊದಲ ಎರಡು ಮೂರು ಗಂಟೆಗಳಲ್ಲಿ ಅದರಿಂದ ಆಗುವ ಉಪಕಾರಕ್ಕೆ ಮುಂದಿನ ಗಂಟೆಗಳ ಉಪಕಾರವು ಸಮನಾಗದು. 2023ರಲ್ಲಿ ಕರ್ನಾಟಕ ಸರಕಾರವು ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಆರಂಭಿಸಿದ ಹೃದಯಜ್ಯೋತಿ ಯೋಜನೆಯ ತಿರುಳು ಇದೇ: ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಜಯದೇವದಂಥ ಹೃದ್ರೋಗ ಸಂಸ್ಥೆಗಳ ತಜ್ಞರ ಸಲಹೆ ಪಡೆದು, ಟೆನೆಕ್ಟೆಪ್ಲೇಸ್ ಎಂಬ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲಿಯೇ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವುದು. ಬೆಲ್‌ಫಾಸ್ಟ್ ನಗರದ ವೈದ್ಯ ಫ್ರ್ಯಾಂಕ್ ಪ್ಯಾಂಟ್ರಿಜ್ 1960ರ ದಶಕದ ನಡುವಿನಲ್ಲಿ, ರೋಗಿಯು ಆಸ್ಪತ್ರೆಯನ್ನು ತಲಪುವವರೆಗೆ ಹೃದಯವು ಕಾಯುವುದಿಲ್ಲವೆಂದು ಕಂಡುಕೊಂಡು, ಹೃದಯವನ್ನು ಮತ್ತೆ ಮಿಡಿಯಿಸುವ ಯಂತ್ರವನ್ನೇ ಆಂಬುಲೆನ್ಸಿಗೇರಿಸಿದರು. ಅಂದಿನಿಂದ ಚಿಕಿತ್ಸೆಯು ದೊಡ್ಡ ಕಟ್ಟಡದ ಹೊಸ್ತಿಲಲ್ಲಿ ಆರಂಭವಾಗಬೇಕೆಂಬ ನಿಯಮ ಹೋಯಿತು. ಹೀಗಿರುವಾಗ, ಮೇಲೆ ಹೇಳಿದ ಗೃಹಸ್ಥರು ಮೊದಲು ಹೋಗತಕ್ಕದ್ದು ರಾತ್ರಿ ವೈದ್ಯರಿದ್ದು ಇ.ಸಿ.ಜಿ. ತೆಗೆಯುವ ಅತಿ ಸಮೀಪದ ಸ್ಥಳಕ್ಕೆ, ಸಾಧ್ಯವಾದರೆ ಆಂಬುಲೆನ್ಸಿನಲ್ಲಿ. ಮೊದಲ ಇ.ಸಿ.ಜಿ. ನೆಟ್ಟಗಿದೆಯೆಂದ ಮಾತ್ರಕ್ಕೆ ಎದ್ದು ಮನೆಗೆ ಬರುವುದೂ ಸಲ್ಲದು. ನೋವು ನಿಲ್ಲದಿದ್ದರೆ ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಮಧುಮೇಹವಿರುವವರಲ್ಲಿ, ಹೆಂಗಸರಲ್ಲಿ, ವೃದ್ಧರಲ್ಲಿ ಎದೆನೋವೇ ಇಲ್ಲದೆ ಬರೀ ಆಯಾಸ, ಬೆವರು, ಓಕರಿಕೆಗಳ ರೂಪದಲ್ಲಿ ಈ ವ್ಯಾಧಿ ಬರುವುದುಂಟು.

ಹಾವಿನ ಕಡಿತಕ್ಕೂ ಇದೇ ಸೂತ್ರ. ನಾಗರಹಾವು, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ನಮ್ಮ ದೇಶದಲ್ಲಿ ತಯಾರಾಗುತ್ತದೆ. ಅದು ಯಾವ ಹತ್ತಿರದ ಆಸ್ಪತ್ರೆಯಲ್ಲಿದೆಯೋ ಅದೇ ಆ ಹೊತ್ತಿಗೆ ಅತ್ಯುತ್ತಮ ಆಸ್ಪತ್ರೆ. ಮಂಡಲದ ಹಾವುಗಳ ವಿಷವು ರಕ್ತವನ್ನು ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ಪತ್ತೆಹಚ್ಚಲು ದೊಡ್ಡ ಪ್ರಯೋಗಶಾಲೆಯೇನೂ ಬೇಡ. ಶುಭ್ರವಾದ, ಒಣಗಿದ ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತವನ್ನು ಸ್ವಲ್ಪ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಓರೆಮಾಡಿ ನೋಡುತ್ತಾರೆ. ರಕ್ತವು ಇನ್ನೂ ನೀರಾಗಿ ಹರಿದರೆ ವಿಷವೇರಿದೆಯೆಂದೇ ಅರ್ಥ. ಇಷ್ಟು ಸರಳವಾದ ಪರೀಕ್ಷೆಯನ್ನು ಊರಿನಲ್ಲೇ ಬಿಟ್ಟು, ನಾಟಿ ಮದ್ದಿನವರ ಮನೆಯನ್ನು ಹುಡುಕಿಕೊಂಡು ಹೋಗುವುದೋ, ಕಾಲಿಗೆ ಹಗ್ಗ ಬಿಗಿದು, ಕಚ್ಚಿದಲ್ಲಿ ಬ್ಲೇಡಿನಿಂದ ಕೊಯ್ದು ದೂರದ ದಾರಿ ಹಿಡಿಯುವುದೋ ಸರ್ವಥಾ ಕೂಡದು. ನಮ್ಮ ಏಲಕ್ಕಿ, ಕಾಫಿ ತೋಟಗಳಲ್ಲಿ ಸಿಗುವ ಗುಳಿಮಂಡಲಗಳ ವಿಷ ಆ ನಾಲ್ಕರ ಪಟ್ಟಿಗೆ ಸೇರಿದ್ದಲ್ಲ; ಆದರೆ ಯಾವ ಹಾವೆಂದು ನಿರ್ಣಯಿಸುವ ಕೆಲಸ ವೈದ್ಯರದು, ಹಾವನ್ನು ಹೊಡೆದು ಚೀಲದಲ್ಲಿ ತರುವ ಸಾಹಸ ಬೇಡ.

ಸಮೀಪದ ಸ್ಥಳವೇ ಲೇಸೆಂಬ ಸೂತ್ರಕ್ಕೆ ದೊಡ್ಡದೊಂದು ಅಪವಾದವಿದೆ. ನಾವು ಲಕ್ವವೆನ್ನುವ ಮೆದುಳಿನ ಆಘಾತ. ಬಾಯಿ ಒಂದು ಕಡೆಗೆ ಓರೆಯಾಗುವುದು, ಎತ್ತಿದ ಎರಡು ಕೈಗಳಲ್ಲಿ ಒಂದು ಕೆಳಕ್ಕೆ ಜಾರುವುದು, ಮಾತು ತಡವರಿಸುವುದು ಇದರ ಲಕ್ಷಣಗಳು. ಮೆದುಳಿನ ನಾಳ ಮುಚ್ಚಿದಾಗ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ತಜ್ಞರು ಲೆಕ್ಕಹಾಕಿದ್ದಾರೆ. ಹೆಪ್ಪು ಕರಗಿಸುವ ಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದರೆ ನಾಳ ಮುಚ್ಚಿದೆಯೋ ಒಡೆದಿದೆಯೋ ಎಂಬುದು ಸಿ.ಟಿ. ಸ್ಕ್ಯಾನ್ ಇಲ್ಲದೆ ತಿಳಿಯದು, ಒಡೆದಿದ್ದವರಿಗೆ ಆ ಮದ್ದೇ ಮೃತ್ಯು. ಆದ್ದರಿಂದ ಸ್ಕ್ಯಾನ್ ಇಲ್ಲದ ಎಡೆಯಲ್ಲಿ ಡ್ರಿಪ್ಪು ಹಾಕಿಸಿಕೊಂಡು ಮಲಗುವುದು ಕಾಲಹರಣ. ಸ್ಕ್ಯಾನ್ ಇರುವ ಕಡೆಗೆ ನೇರವಾಗಿ, ಮೊದಲೇ ಫೋನು ಮಾಡಿ ಹೊರಡಬೇಕು. ರೋಗಿಯು ಕೊನೆಯದಾಗಿ ಸ್ವಸ್ಥವಾಗಿದ್ದುದನ್ನು ಕಂಡವರು ಗಂಟೆಯನ್ನು ನೆನಪಿಟ್ಟು ಹೇಳಬೇಕು, ಏಕೆಂದರೆ ವೈದ್ಯರ ಲೆಕ್ಕವೆಲ್ಲ ಅಲ್ಲಿಂದ ಮೊದಲಾಗುತ್ತದೆ.

ಮೆಣಸು ಕೊಯ್ಯುವ ಕಾಲದಲ್ಲಿ ಅಲ್ಯೂಮಿನಿಯಂ ಏಣಿ ವಿದ್ಯುತ್ತಂತಿಗೆ ತಗಲಿ ಆಗುವ ದುರ್ಮರಣಗಳು ನಮ್ಮ ಜಿಲ್ಲೆಯವರಿಗೆ ಹೊಸವಲ್ಲ. ಷಾಕು ಹೊಡೆದವನು ಎದ್ದು ಕುಳಿತು ಕಾಫಿ ಕೇಳಿದರೂ ಅವನ ಹೃದಯದ ಗತಿಯನ್ನು ಪರೀಕ್ಷಿಸದೆ ಬಿಡಬಾರದು. ಮರದಿಂದ ಬಿದ್ದವನ ಕುತ್ತಿಗೆಯನ್ನೂ ಬೆನ್ನನ್ನೂ ಮಡಿಸದೆ, ನಾಲ್ವರು ಸೇರಿ ಹಲಗೆಯ ಮೇಲೆ ನೆಟ್ಟಗೆ ಎತ್ತಬೇಕೇ ಹೊರತು ಜೀಪಿನ ಮೂಲೆಗೆ ಮುದುರಿ ತುರುಕಬಾರದು. ಹಣವಿಲ್ಲವೆಂದು ಹಿಂಜರಿಯುವವರೂ ಇದ್ದಾರೆ. ತುರ್ತು ಸ್ಥಿತಿಯಲ್ಲಿ ಬಂದವರನ್ನು ಸರಕಾರಿಯಾಗಲಿ ಖಾಸಗಿಯಾಗಲಿ ಯಾವ ವೈದ್ಯನೂ ತಿರಸ್ಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ತೀರ್ಪಿತ್ತಿದೆ. ಮುಂಗಡ ಕಟ್ಟಿದ ಮೇಲೆಯೇ ತುರ್ತು ಚಿಕಿತ್ಸೆಯೆನ್ನುವುದನ್ನು 2017ರ ತಿದ್ದುಪಡಿಯ ಮೂಲಕ ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯೂ ನಿಷೇಧಿಸಿದೆ. ಇದನ್ನು ಅರಿತು, ಧ್ವನಿಯೇರಿಸದೆ, ದೃಢವಾಗಿ ಕೇಳಬಹುದು.

ಇನ್ನು ದಿನದ ರೋಗಗಳು. ನೆಗಡಿ, ಕೆಮ್ಮು, ಕಿವಿನೋವು, ಉಳುಕಿದ ಕಾಲು, ಒಂದೆರಡು ಹೊಲಿಗೆ ಬೇಡುವ ಗಾಯ, ಕುಡಿದದ್ದು ನಿಲ್ಲುವಷ್ಟು ಮಟ್ಟಿನ ಭೇದಿ ಇವೆಲ್ಲಕ್ಕೂ ಊರಿನ ಕ್ಲಿನಿಕ್ಕೇ ಸಾಕು. ನಾಯಿ ಕಚ್ಚಿದ್ದು ಕೂಡ ಇದೇ ವರ್ಗದ್ದಾದರೂ ಅದರಲ್ಲೊಂದು ವಿಶೇಷವಿದೆ: ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು ಆ ಕ್ಷಣದ ಕೆಲಸ, ಲಸಿಕೆ ಆ ದಿನದ ಕೆಲಸ, ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯಕ್ಕೇ ಹಾಕುವ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಜ್ವರವನ್ನು ಮಾತ್ರ ಕಣ್ಣಿಟ್ಟು ಕಾಯಬೇಕು. ಡೆಂಗಿ ಜ್ವರದಲ್ಲಿ ನಾಲ್ಕನೆಯ ಐದನೆಯ ದಿನ ಮೈ ತಣ್ಣಗಾದೊಡನೆ ಗುಣವಾಯಿತೆಂದು ಮನೆಮಂದಿ ಸಂತೋಷಪಡುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ದಿನದ ರೋಗವು ನಿಮಿಷದ ರೋಗವಾಯಿತೆಂದು ಎಣಿಸತಕ್ಕದ್ದು. ಗದ್ದೆಯ ಕೆಸರಿನಲ್ಲಿ ದುಡಿದವರಿಗೆ ಜ್ವರದೊಡನೆ ಮೀನಖಂಡದ ನೋವು, ಹಳದಿಗಣ್ಣು, ಮೂತ್ರ ಕಡಿಮೆಯಾಗುವುದು ಕಾಣಿಸಿದರೆ ಇಲಿಜ್ವರವನ್ನು ಶಂಕಿಸಬೇಕು. ಕೂಸು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಪಕ್ಕೆ ಸೆಳೆದು ಉಸಿರಾಡಿದರೆ ಕಾಯತಕ್ಕದ್ದಲ್ಲ.

ದಿನದ ರೋಗಗಳನ್ನು ತುರ್ತು ವಿಭಾಗಕ್ಕೆ ಒಯ್ಯುವುದರಿಂದ ಯಾರಿಗೇನು ನಷ್ಟವೆಂದು ಕೆಲವರು ಕೇಳುವರು. 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ಮುಂದಿನ ದಿನಗಳಲ್ಲಿ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳೆದುರು ಯಾವ ಬೇನೆಯೂ ಇಲ್ಲದ ತರುಣರು ಸಾಲುಗಟ್ಟಿ ನಿಂತರು. ಅವರ ಭಯ ಸಹಜವಾದದ್ದು. ಆದರೆ ಅಂಥ ಸಾಲಿನಲ್ಲಿ ನಿಜವಾದ ಹೃದ್ರೋಗಿಯೊಬ್ಬನನ್ನು ಗುರುತಿಸಿ ಮುಂದಕ್ಕೆ ಕರೆದುಕೊಳ್ಳುವುದು ವೈದ್ಯರಿಗೆ ಎಷ್ಟು ದುಸ್ತರ! ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಲಾರೆಯು, ಗಾಯಾಳುಗಳನ್ನು ಪದವಿಯನ್ನು ನೋಡದೆ ಗಾಯದ ತೀವ್ರತೆಯನ್ನು ನೋಡಿ ಎತ್ತಿಕೊಳ್ಳುವ ಪದ್ಧತಿಯನ್ನು ತಂದನು. ಇಂದಿನ ತುರ್ತು ವಿಭಾಗಗಳು ನಡೆಯುವುದು ಅದೇ ಪದ್ಧತಿಯಿಂದ. ತಮ್ಮ ನಂತರ ಬಂದವರನ್ನು ಮೊದಲು ಒಳಗೆ ಕರೆದರೆಂದು ದಾದಿಯರ ಮೇಲೆ ರೇಗುವವರು ಇದನ್ನು ದಯಮಾಡಿ ಗಮನಿಸಬೇಕು.

ಇಷ್ಟು ಹೇಳಿದ ಮೇಲೆ, ಜನರ ವಿವೇಕವೊಂದರಿಂದಲೇ ಎಲ್ಲವೂ ಸರಿಹೋಗುವುದೆಂಬ ಭ್ರಮೆ ನನಗಿಲ್ಲ. 2019ರ ಜೂನ್ ತಿಂಗಳಿನಲ್ಲಿ ಕೊಡಗಿನವರು ತಮ್ಮ ಜಿಲ್ಲೆಗೊಂದು ಸುಸಜ್ಜಿತ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಸಾಮಾಜಿಕ ಜಾಲತಾಣಗಳಲ್ಲಿ ಎತ್ತಿದ ದನಿ ರಾಜ್ಯದ ಗಮನವನ್ನೆಲ್ಲ ಸೆಳೆಯಿತು. ಮೈಸೂರು, ಮಂಗಳೂರುಗಳ ದಾರಿಯಲ್ಲಿ ತಮ್ಮವರನ್ನು ಕಳೆದುಕೊಂಡವರ ದುಃಖವು ಆ ದನಿಯಲ್ಲಿತ್ತು. ಆ ಬೇಡಿಕೆ ನ್ಯಾಯವಾದದ್ದು, ಅದನ್ನು ಬಿಡಲೂಬಾರದು.

ಅಷ್ಟರವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡಿಕೊಳ್ಳೋಣ. 2008ರಿಂದ ನಡೆದುಬಂದಿರುವ 108ಕ್ಕೆ ಕರೆ ಮಾಡುವಾಗ ಊರಿನ ಹೆಸರೊಂದನ್ನೇ ಹೇಳಿದರೆ ತೋಟದ ಸೀಮೆಯಲ್ಲಿ ಯಾರಿಗೂ ದಾರಿ ತಿಳಿಯದು. ತೋಟದ ಹೆಸರು, ಯಾವ ಮುಖ್ಯರಸ್ತೆಯಿಂದ ಎಷ್ಟು ಒಳಗೆ, ಲೈನ್ ಮನೆಯೋ ಬಂಗಲೆಯೋ ಎಂಬುದನ್ನು ಹೇಳಿ, ರಾತ್ರಿಯಾದರೆ ಗೇಟಿನ ಬಳಿ ಟಾರ್ಚು ಹಿಡಿದು ಒಬ್ಬರನ್ನು ನಿಲ್ಲಿಸಬೇಕು. ಒಳಗೆ ಫೋನಿಗೆ ಸಿಗ್ನಲ್ ಸಿಗದಿದ್ದರೆ ಎಲ್ಲಿ ನಿಂತರೆ ಸಿಗುತ್ತದೆಂಬುದು ಮಕ್ಕಳಿಗೂ ಗೊತ್ತಿರಲಿ. ನುಂಗುವ ಮಾತ್ರೆಗಳ ಪಟ್ಟಿಯೂ ಹಳೆಯ ಇ.ಸಿ.ಜಿ.ಯೂ ಒಂದೇ ಚೀಲದಲ್ಲಿರಲಿ. ಈ ವಾರದೊಳಗೊಂದು ದಿನ, ಯಾರಿಗೂ ಏನೂ ಆಗಿರದ ಹಗಲಿನ ಹೊತ್ತಿನಲ್ಲಿ, ನಿಮ್ಮ ಸಮೀಪದ ಆಸ್ಪತ್ರೆಗೆ ಹೋಗಿ ಇಷ್ಟನ್ನು ಕೇಳಿ ಬರೆದಿಟ್ಟುಕೊಳ್ಳಿ: ರಾತ್ರಿ ವೈದ್ಯರಿರುತ್ತಾರೆಯೆ, ಇ.ಸಿ.ಜಿ. ತೆಗೆಯುತ್ತಾರೆಯೆ, ಹೆಪ್ಪು ಕರಗಿಸುವ ಚುಚ್ಚುಮದ್ದುಂಟೆ, ಹಾವಿನ ಪ್ರತಿವಿಷ ಎಷ್ಟಿದೆ, ಇಲ್ಲಿ ಇಲ್ಲದ್ದಕ್ಕೆ ಎಲ್ಲಿಗೆ ಕಳಿಸುತ್ತೀರಿ. ಉತ್ತರ ಕೊಟ್ಟವರ ಫೋನು ಸಂಖ್ಯೆಯನ್ನು ಅದೇ ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು, ಮನೆಯವರೆಲ್ಲರ ಕಣ್ಣಿಗೆ ಬೀಳುವಂತೆ ಗೋಡೆಗೆ ಅಂಟಿಸಿರಿ.