ಸೈನಿಕರ ನೆನಪಿಗೊಂದು ವನ: ನೆಡುವ ಮುನ್ನ

(ಮುರ್ಡೇಶ್ವರದಲ್ಲಿ ಊರವರು ಕರೆದಿದ್ದ ಸಮಾಲೋಚನಾ ಸಭೆಯಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ಸೈನಿಕರ ಸ್ಮರಣೆಗಾಗಿ ಈ ಊರಿನಲ್ಲಿ ಒಂದು ವನವನ್ನು ಬೆಳೆಸಬೇಕೆಂಬ ನಿಮ್ಮ ಸಂಕಲ್ಪವನ್ನು ಕೇಳಿ ಸಂತೋಷವಾಯಿತು. ನಮ್ಮ ಜಿಲ್ಲೆಗೆ ಈ ಋಣ ದೂರದ್ದಲ್ಲ. ಪರಮವೀರ ಚಕ್ರ ಪುರಸ್ಕೃತ ಮೇಜರ್ ರಾಮ ರಾಘೋಬ ರಾಣೆಯವರು ಕಾರವಾರ ತಾಲೂಕಿನ ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಗೆ ಶತ್ರುಗಳು ಪೈನ್ ಮರಗಳನ್ನು ಅಡ್ಡ ಕೆಡವಿ, ಸುತ್ತಲೂ ನೆಲಬಾಂಬುಗಳನ್ನು ಹುಗಿದಿದ್ದರು. ರಾಣೆಯವರು ತಾವು ಗಾಯಗೊಂಡಿದ್ದರೂ ಗುಂಡಿನ ಮಳೆಯ ನಡುವೆ ಅವನ್ನು ತೆರವುಗೊಳಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಅವರ ಪ್ರತಿಮೆಯೂ ‘ಚಪಲ್’ ಯುದ್ಧನೌಕೆಯ ಸಂಗ್ರಹಾಲಯವೂ ಕಾರವಾರದ ಕಡಲತೀರದಲ್ಲಿವೆ. ಅಲ್ಲಿಂದ ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೋಟಗಳನ್ನು ಬಿಟ್ಟುಕೊಟ್ಟಿವೆ.

ಆದರೆ ಕಲ್ಲಿನ ಸ್ಮಾರಕವೂ ಗಿಡದ ಸ್ಮಾರಕವೂ ಒಂದೇ ಅಲ್ಲ. ಕಲ್ಲಿನ ಕೆಲಸ ಅನಾವರಣದ ದಿನ ಮುಗಿಯುತ್ತದೆ. ಗಿಡದ ಕೆಲಸ ಅಂದು ಆರಂಭವಾಗುತ್ತದೆ. 2023ರ ಆಗಸ್ಟ್‌ನಲ್ಲಿ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನವು ಗ್ರಾಮ ಪಂಚಾಯತಿಗಳಿಗೆ ವೀರರ ಹೆಸರಿನ ಶಿಲಾಫಲಕವನ್ನೂ 75 ದೇಶೀ ಸಸಿಗಳ ‘ಅಮೃತ ವಾಟಿಕೆ’ಯನ್ನೂ ಸೂಚಿಸಿತು. ಆಶಯ ಉತ್ತಮವಾದುದು. ಆದರೆ ನಮ್ಮ ಕರಾವಳಿಯ ಲೆಕ್ಕದಲ್ಲಿ ಆಗಸ್ಟ್ ತಡವಾದ ಕಾಲ. ಜೂನ್ ಮೊದಲಿಗೆ ನೆಟ್ಟ ಸಸಿಗೆ ಬೇರಿಳಿಸಲು ನಾಲ್ಕು ತಿಂಗಳ ಮಳೆ ದೊರೆಯುತ್ತದೆ. ಆಗಸ್ಟ್ ನಡುವಿನಲ್ಲಿ ನೆಟ್ಟದ್ದಕ್ಕೆ ಅದರ ಅರ್ಧ ಕಾಲವೂ ದೊರೆಯದು. ಅನಂತರ ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚುಕಡಿಮೆ ಒಣಹವೆ. ಮರಳುಮಣ್ಣು ನೀರನ್ನು ಹಿಡಿದಿಡದು. ಕಡಲಗಾಳಿಯ ಉಪ್ಪು ಎಳೆಯ ಚಿಗುರನ್ನು ಸುಡುತ್ತದೆ. ಮಗನ ಹೆಸರಿನ ಗಿಡ ಒಣಗಿ ಫಲಕವೊಂದೇ ಉಳಿದರೆ, ಅದನ್ನು ನೋಡುವ ತಾಯಿಗೆ ಹೇಗಾದೀತು? ಅಂಥ ಸ್ಮಾರಕಕ್ಕಿಂತ ಸ್ಮಾರಕವಿಲ್ಲದಿರುವುದೇ ಮೇಲು.

ಆದ್ದರಿಂದ ಕೆಲವು ಸಲಹೆಗಳು. ಮೊದಲು ಸೈನಿಕರ ಮನೆಯವರನ್ನು ಕೇಳಿರಿ. ಅವರ ಒಪ್ಪಿಗೆಯಿಲ್ಲದೆ ಹೆಸರು ಬರೆಯಿಸಬೇಡಿರಿ. ವನಕ್ಕೆಂದು ಈಗಿರುವ ಕುರುಚಲನ್ನು ಸವರಬೇಡಿರಿ. ಮರಳನ್ನು ಹಿಡಿದಿರುವುದು ಅದೇ. ಕಡಲ ಅಂಚಿಗೆ ಅಡುಂಬು ಬಳ್ಳಿ, ಕೇದಗೆ. ಅದರ ಹಿಂದೆ ಉಪ್ಪುಗಾಳಿಯನ್ನು ತಾಳುವ ಸುರಹೊನ್ನೆ, ಹೊಂಗೆ. ಅವುಗಳ ಮರೆಯಲ್ಲಿ ಮುರುಗಲು, ಬಕುಳ, ಸುರಗಿ. ಬಕುಳ, ಸುರಗಿಯ ಹೂಗಳು ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ಸ್ಮರಣೆಯ ವನಕ್ಕೆ ಅವು ಸಲ್ಲುವ ಮರಗಳು. ಬೇಗ ಬೆಳೆಯುತ್ತದೆಂದು ಅಕೇಶಿಯಾ ಬೇಡ; ಬೇಸಿಗೆಯಲ್ಲಿ ಬಾವಿಯ ನೀರನ್ನು ಬರಿದುಮಾಡುವ ಹುಲ್ಲುಹಾಸೂ ಬೇಡ.

ನೆಟ್ಟ ಮೇಲೆ ದನಗಳಿಂದ ಕಾಯಲು ಮುಳ್ಳುಬೇಲಿ, ಬುಡಕ್ಕೆ ದರಕಿನ ಮುಚ್ಚಿಗೆ, ಮೂರು ಬೇಸಿಗೆ ತಪ್ಪದೆ ನೀರು. ಇದಿಷ್ಟು ಆಗದಿದ್ದರೆ ಉಳಿದುದೆಲ್ಲ ವ್ಯರ್ಥ. ಒಂದೊಂದು ಗಿಡಕ್ಕೂ ಒಂದು ಮನೆ ಅಥವಾ ಒಂದು ತರಗತಿ ಹೊಣೆಯಾಗಲಿ. ಹೊಣೆ ಹೊರುವವರು ಹತ್ತೇ ಮಂದಿಯಾದರೆ ಹತ್ತೇ ಗಿಡಗಳನ್ನು ನೆಡೋಣ.

ಉದ್ಘಾಟನೆಗೆ ಯಾರನ್ನು ಕರೆಯಬೇಕೆಂದು ಈಗಷ್ಟೇ ಇಲ್ಲಿ ಚರ್ಚೆಯಾಯಿತು. ಅದಕ್ಕೆ ಮೊದಲು, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕೊಡಪಾನ ಹೊರುವವರು ಯಾರೆಂಬ ಪಟ್ಟಿ ಸಿದ್ಧವಾಗಲಿ. ಗಡಿಯಲ್ಲಿ ನಿಂತವರು ಹಬ್ಬದ ದಿನವಷ್ಟೇ ನಿಂತವರಲ್ಲ. ಅವರ ಹೆಸರಿನ ಗಿಡವನ್ನೂ ನಾವು ದಿನದಿನವೂ ಕಾಯಬೇಕು.